ತಪ್ಪುಕಾಣಿಕೆಯ ತಟ್ಟೆ

ನಮ್ಮ ಮನೆಯಲ್ಲಿ ರೇಷ್ಮೆಹುಳುಗಳಿಗಿದ್ದ ಮರ್ಯಾದೆ ಮನುಷ್ಯರಿಗಿರಲಿಲ್ಲ. ಕೈಲಾಂಚದಿಂದ ಒಳಕ್ಕೆ, ಬಂಡೆಬೆಟ್ಟಗಳ ಬುಡದಲ್ಲಿದ್ದ ಊರು ನಮ್ಮದು. ಮನೆಯೆಂದರೆ ಒಂದು ದೊಡ್ಡ ನಡುಮನೆ, ಅದರ ಮಗ್ಗುಲಿಗೆ ಹೊಗೆ ಹಿಡಿದ ಅಡುಗೆಮನೆ, ಹಿಂದೆ ಹಸುಗಳ ಕೊಟ್ಟಿಗೆ, ಮುಂದೆ ಉದ್ದನೆಯ ಜಗಲಿ. ಹುಳು ಮನೆಗೆ ಬಂದ ದಿನದಿಂದ ಗೂಡು ಬಿಡಿಸಿ ರಾಮನಗರದ ಮಾರ್ಕೆಟ್ಟಿಗೆ ಸಾಗಿಸುವ ದಿನದವರೆಗೆ ನಡುಮನೆ ಅವುಗಳದ್ದು, ಜಗಲಿ ನಮ್ಮದು. ಅಜ್ಜಿ, ಅಪ್ಪ, ಅವ್ವ, ಚಿಕ್ಕಪ್ಪ, ಹೊಸದಾಗಿ ಮದುವೆಯಾಗಿ ಬಂದಿದ್ದ ಚಿಕ್ಕವ್ವ, ನಾನು, ಎಲ್ಲರೂ ಅಲ್ಲೇ ಉಣ್ಣಬೇಕು, ಅಲ್ಲೇ ಮಲಗಬೇಕು. ಹುಳು ಪೊರೆ ಬಿಡುವ ಮುಂಚೆ ತಿನ್ನುವುದು ನಿಲ್ಲಿಸಿ ತಲೆಯೆತ್ತಿ ಸುಮ್ಮನೆ ಕೂರುತ್ತದೆ. ಅದನ್ನು ನಮ್ಮ ಕಡೆ ಜ್ವರ ಅನ್ನುತ್ತಾರೆ. ಜ್ವರದ ದಿನಗಳಲ್ಲಿ ಒಗ್ಗರಣೆಯ ಘಾಟು ಏಳುವಂತಿಲ್ಲ, ಬೀಡಿ ಸೇದಿದವರು ಹೊಸ್ತಿಲು ದಾಟುವಂತಿಲ್ಲ, ಹೊರಗಿನವರಂತೂ ಹತ್ತಿರ ಸುಳಿಯುವಂತಿಲ್ಲ. ಉಪ್ಸಾರು ಮುದ್ದೆ ಉಂಡು, ಪಿಸುಪಿಸು ಮಾತಾಡಿಕೊಂಡು ದಿನ ತಳ್ಳುತ್ತಿದ್ದೆವು. ಆಮೇಲೆ ಹುಳು ದೊಡ್ಡದಾಗಿ ಸೊಪ್ಪು ಮೇಯಲು ಶುರುಮಾಡಿದರೆ ನಡುಮನೆಯೊಳಗೆ ಸಣ್ಣಮಳೆ ಹಿಡಿದ ಸದ್ದು. ನಾನು ಒಬ್ಬಳೇ ಮಗಳು. ಜೊತೆಗೆ ಆಡಲು ಯಾರನ್ನೂ ಮನೆಗೆ ಕರೆಯುವಂತಿರಲಿಲ್ಲ. ಗೋಡೆಗೆ ಕಿವಿ ಕೊಟ್ಟು ಆ ಸದ್ದು ಕೇಳುತ್ತಾ ಕೂತಿದ್ದ ಹುಡುಗಿಯೇ ಮುಂದೆ ನಾನಾದದ್ದು. ಗೋಡೆಯಾಚೆಯ ಸದ್ದುಗಳನ್ನು ಗುರುತು ಹಿಡಿಯುವ ಅಭ್ಯಾಸ ನನಗೆ ಹುಳುಗಳಿಂದಲೇ ಬಂದದ್ದು, ಅದು ಬೇರೆಯದಕ್ಕೂ ಒದಗಿ ಬಂತು.

ಅಪ್ಪನ ಹೆಸರು ಕೆಂಪಣ್ಣ. ಹೊಲ ಉಳುವುದು, ಸೊಪ್ಪು ಕೊಯ್ಯುವುದು, ಡೇರಿಗೆ ಹಾಲು ಹಾಕುವುದು ಅವನ ಕೆಲಸ. ಆದರೆ ಅವನ ಜೀವ ಇದ್ದದ್ದು ಬೆಟ್ಟದ ಮೇಲೆ. ನಮ್ಮ ಬಂಡೆಗಳನ್ನು ನೋಡಿದರೆ ಸಿನಿಮಾದವರಿಗೆ ಹೊಡೆದಾಟವೇ ನೆನಪಾಗುತ್ತದೆಂದು ಕಾಣುತ್ತದೆ. ಅವರ ವ್ಯಾನು ಬಂದಾಗಲೆಲ್ಲ ಖಳನಾಯಕನ ಹಿಂದೆ ನಿಲ್ಲಲು ದಪ್ಪ ಮೀಸೆಯ ಆಳುಗಳು ಬೇಕಾಗುತ್ತಿದ್ದರು. ಅಪ್ಪನಿಗೆ ಮೀಸೆ ಚೆನ್ನಾಗಿತ್ತು, ಮೈ ಗಟ್ಟಿಯಿತ್ತು, ಎಲ್ಲಕ್ಕಿಂತ ಹೆಚ್ಚಾಗಿ ಅವನು ಬೀಳಲು ಹೆದರುತ್ತಿರಲಿಲ್ಲ. ಹೀರೋ ಒದ್ದರೆ ಹಿಂದಕ್ಕೆ ಹಾರಿ ಬೀಳಬೇಕು. ಅದನ್ನು ಕಲಿಯಲು ಅವನು ಹಿತ್ತಲಿನಲ್ಲಿ ಹುಳು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿಯ ಗುಡ್ಡೆ ಒಟ್ಟಿಕೊಂಡು, ಯಾರೂ ಒದೆಯದಿದ್ದರೂ ಒದೆ ತಿಂದವನ ಹಾಗೆ ಬೀಳುತ್ತಿದ್ದ. ಎದ್ದು, ಬೆನ್ನು ಕೊಡವಿಕೊಂಡು, ಮತ್ತೆ ಬೀಳುತ್ತಿದ್ದ. ನಾನು ಕಲ್ಲಿನ ಮೇಲೆ ಕೂತು ನೋಡುತ್ತಿದ್ದೆ. ಚೆನ್ನಾಗಿ ಬಿದ್ದರೆ ಶಿಳ್ಳೆ ಹಾಕಬೇಕೆಂದು ಅವನೇ ಎರಡು ಬೆರಳು ಬಾಯಿಗಿಟ್ಟು ಹೇಳಿಕೊಟ್ಟಿದ್ದ. ಅವ್ವ ಅಡುಗೆಮನೆಯಿಂದ ಹಣಕಿ ನೋಡಿ ಹಣೆ ಚಚ್ಚಿಕೊಳ್ಳುತ್ತಿದ್ದಳು.

"ಗಂಡುಸ್ರು ಗೆಲ್ಲಕೆ ಕಲ್ತ್ಕತಾರೆ, ನಮ್ಮನೇದು ಬೀಳಕೆ ಕಲ್ತ್ಕತೈತೆ."

"ಹೊಡಿಯೋನಿಗೆ ಏನ್ ಕಷ್ಟನೇ? ಕೈ ಬೀಸುದ್ರಾಯ್ತು. ಬೀಳೋನಿಗೇ ಕಣೇ ಕೆಲ್ಸ ಇರೋದು."

ಅಪ್ಪನನ್ನು ಮೊದಲ ಸಲ ಪರದೆಯ ಮೇಲೆ ನೋಡಲು ಊರಿಗೆ ಊರೇ ಟ್ರ್ಯಾಕ್ಟರು ಕಟ್ಟಿಕೊಂಡು ರಾಮನಗರಕ್ಕೆ ಹೋಗಿತ್ತು. ಚಿಕ್ಕಪ್ಪ ಮಾತ್ರ ಬರಲಿಲ್ಲ. ಸಿನಿಮಾ ನೋಡುವುದು ಕೆಲಸವಿಲ್ಲದವರ ಕೆಲಸ ಅನ್ನುವವನು ಅವನು. ಥಿಯೇಟರಿನಲ್ಲಿ ಹಾಡು, ಅಳು ಎಲ್ಲ ಮುಗಿದು ಕೊನೆಗೂ ನಮ್ಮ ಬಂಡೆ ಕಾಣಿಸಿತು, ಬಂಡೆಯ ಮೇಲಿಂದ ನಮ್ಮಪ್ಪ ಮಚ್ಚು ಹಿಡಿದು ಓಡಿಬಂದ. ಮಚ್ಚನ್ನು ತಲೆಯ ಮೇಲಕ್ಕೆತ್ತಿ ಒಂದು ಗಳಿಗೆ ನಿಂತ. ಹಾಗೆ ನಿಲ್ಲಬೇಕೆಂದು ಫೈಟ್ ಮಾಸ್ಟರ್ ಹೇಳಿಕೊಟ್ಟಿದ್ದರಂತೆ, ಕ್ಯಾಮೆರಾಕ್ಕೆ ಮಚ್ಚು ಕಾಣಬೇಕು, ಹೀರೋಗೆ ಒದೆಯಲು ಪುರಸೊತ್ತು ಸಿಗಬೇಕು. ಹೀರೋ ಒದ್ದ, ಅಪ್ಪ ಹಾರಿ ಬಿದ್ದು ಸತ್ತ. ಅಷ್ಟೇ. ಅವ್ವ ಗಾಬರಿಯಲ್ಲಿ ತಾಳಿ ಮುಟ್ಟಿ ನೋಡಿಕೊಂಡಳು. ಅಜ್ಜಿ ಸೆರಗು ಬಾಯಿಗಿಟ್ಟುಕೊಂಡು ಅತ್ತೇಬಿಟ್ಟಳು, ಪಕ್ಕದ ಸೀಟಿನಲ್ಲೇ ಮಗ ಕಡಲೆಕಾಯಿ ತಿನ್ನುತ್ತಾ ಕೂತಿದ್ದರೂ ಅವಳಿಗೆ ಸಮಾಧಾನವಾಗಲಿಲ್ಲ. ನಾನು ಬೆರಳು ಬಾಯಿಗಿಟ್ಟು ಶಿಳ್ಳೆ ಹಾಕಿದೆ. ಹೆಣ್ಣುಮಗು ಶಿಳ್ಳೆ ಹಾಕುವುದೇ ಎಂದು ಅವ್ವ ತೊಡೆ ಚಿವುಟಿದಳು. ನೋವಾಯಿತು, ಆದರೆ ಅಂಥ ಹೆಮ್ಮೆಯ ದಿನ ನನ್ನ ಬಾಲ್ಯದಲ್ಲಿ ಇನ್ನೊಂದಿಲ್ಲ.

ಹೆಮ್ಮೆ ಶಾಲೆಯ ಬಾಗಿಲವರೆಗೆ ಮಾತ್ರ ಬಂತು. ಅಲ್ಲಿ ನಾನು ರೌಡಿ ಮಗಳಾದೆ. ಮೊದಲಿಗೆ ತಮಾಷೆಗೆ ಕರೆದರು, ಬರಬರುತ್ತಾ ಅದೇ ಹೆಸರಾಯಿತು. ನನ್ನ ಜೊತೆ ಜಗಳವಾಡಲು ಹುಡುಗಿಯರು ಹೆದರಿದರು, ಹಾಗಾಗಿ ಆಟವಾಡಲೂ ಬರಲಿಲ್ಲ. ನನಗೆ ಉಳಿದ ಒಬ್ಬಳೇ ಗೆಳತಿಯೆಂದರೆ ಪಕ್ಕದ ಹೊಲದ ತಿಮ್ಮೇಗೌಡರ ಮಗಳು ಪದ್ಮ. ಅವಳು ನನ್ನ ಜಡೆ ಹಿಡಿದೆಳೆದು ನಗುವಷ್ಟು ಧೈರ್ಯಸ್ಥೆ. ಸಿನಿಮಾದಿಂದ ಏನೂ ಆಗುವುದಿಲ್ಲ ಎಂದು ನಾನು ಈಗಲೂ ಹೇಳಲಾರೆ. ಆ ಸಿನಿಮಾ ಬಂದು ಹೋದ ಮೇಲೆ ಊರಿನ ಹುಡುಗರೆಲ್ಲ ಹಿಪ್ಪುನೇರಳೆ ಕಡ್ಡಿಯನ್ನೇ ಮಚ್ಚು ಮಾಡಿಕೊಂಡು ಬೀದಿಬೀದಿಯಲ್ಲಿ ಬೀಸಾಡಿದ್ದನ್ನು, ಒಬ್ಬನ ಹುಬ್ಬು ಒಡೆದು ರಕ್ತ ಸುರಿದದ್ದನ್ನು ಕಣ್ಣಾರೆ ಕಂಡಿದ್ದೇನೆ. ಅಪ್ಪ ಎತ್ತಿದ ಮಚ್ಚು ನೋಡಿ ನನ್ನ ಮೈಯೂ ಜುಮ್ಮೆಂದಿತ್ತು. ಅಪ್ಪನೇ ಆ ಹುಡುಗರನ್ನು ಕರೆದು ಜಗಲಿಯಲ್ಲಿ ಕೂರಿಸಿ, ಮಚ್ಚು ಮೈಗೆ ತಾಕದ ಹಾಗೆ ಹೇಗೆ ತಡೆಯುತ್ತಾರೆ, ರಕ್ತವೆಂದು ಬಳಿಯುವ ಬಣ್ಣ ಎಂಥದ್ದು ಎಂದೆಲ್ಲ ಬಿಡಿಸಿ ಹೇಳಿ, ಬೀಳುವುದನ್ನು ಕಲಿಸಿ ಕಳಿಸಿದ. ವಾರದೊಳಗೆ ಹುಡುಗರು ಗೋಲಿಗೆ ಮರಳಿದರು.

ಚಿಕ್ಕಪ್ಪನ ವಿಷಯ ಬೇರೆ. ಪುಟ್ಟರಾಜು ಎಂದರೆ ಊರಲ್ಲಿ ಎಲ್ಲರಿಗೂ ಗೌರವ. ಐಟಿಐ ಓದಿದ್ದ, ಎಲೆ ಅಡಿಕೆ ಬೀಡಿ ಮುಟ್ಟುತ್ತಿರಲಿಲ್ಲ, ದಿನಾ ಸ್ನಾನ ಮಾಡಿ ವಿಭೂತಿ ಇಟ್ಟೇ ಹೊರಗೆ ಕಾಲಿಡುತ್ತಿದ್ದ. ಬಿಡದಿ ಕಡೆ ಒಂದರ ಹಿಂದೊಂದು ಕಂಪನಿಗಳು ಏಳುತ್ತಿದ್ದ ಕಾಲ ಅದು. ಒಂದು ಕಂಪನಿಯಲ್ಲಿ ಅವನಿಗೆ ಟ್ರೈನಿಂಗ್ ಸಿಕ್ಕಿತ್ತು, ಮುಗಿದರೆ ಕೆಲಸ ಕಾಯಂ. ಇಸ್ತ್ರಿ ಮಾಡಿದ ಯೂನಿಫಾರ್ಮು ಹಾಕಿ ಕಂಪನಿ ಬಸ್ಸಿಗೆ ನಿಲ್ಲುವ ಮಗನನ್ನು ನೋಡಲು ಅಜ್ಜಿ ಬೆಳಗ್ಗೆ ಜಗಲಿಗೆ ಬಂದು ಕೂರುತ್ತಿದ್ದಳು. ಅವನು ಕೂಗಾಡುವವನಲ್ಲ. ಸಿಟ್ಟು ಬಂದರೆ ಮುಖ ಇನ್ನಷ್ಟು ಸಪ್ಪಗಾಗುತ್ತಿತ್ತು, ಅಷ್ಟೇ. ಒಂದು ಸಂಜೆ ಎಲ್ಲರೂ ಸಾಲಾಗಿ ಉಣ್ಣುತ್ತಾ ಕೂತಿದ್ದೆವು. ಚಿಕ್ಕವ್ವ ಗೌರಿ ಸಾರು ಬಡಿಸುತ್ತಾ, ಮರಳವಾಡಿಯ ತವರಿಗೆ ಹಬ್ಬಕ್ಕೆ ಹೋಗಿ ಬರಲೇ ಎಂದು ಮೆಲ್ಲಗೆ ಕೇಳಿದಳು. ಚಿಕ್ಕಪ್ಪ ಏನೂ ಹೇಳದೆ, ಮುಖವೂ ಎತ್ತದೆ, ಬಿಸಿಸಾರಿನ ತಟ್ಟೆಯನ್ನು ಅವಳ ಕಡೆ ಎಸೆದ. ಸಾರು ಅವಳ ಕೈಮೇಲೆ ಬಿತ್ತು. ಒಳಗೆ ಹುಳುಗಳು ಸೊಪ್ಪು ತಿನ್ನುವ ಸದ್ದು ಕೇಳಿಸುತ್ತಿತ್ತು. ಕೊನೆಗೆ ಅಜ್ಜಿಯೇ ಬಾಯಿಬಿಟ್ಟಳು.

"ಕಂಪ್ನೀಲಿ ಮೈಮುರಿ ಕೆಲ್ಸ ಮಾಡಿ ಬಂದಿರ್ತನೆ. ಆ ವೊತ್ನಲ್ಲಿ ಹಬ್ಬದ ಮಾತು ಯಾಕವ್ವ ತೆಗಿಬೇಕಿತ್ತು ನೀನು?"

ಚಿಕ್ಕವ್ವ ಚೆಲ್ಲಿದ ಸಾರು ಒರೆಸಿದಳು. ಅವಳ ಕೈಮೇಲಿನ ಗುಳ್ಳೆಗೆ ಅವ್ವ ಜೇನುತುಪ್ಪ ಹಚ್ಚಿದಳು.

ಕಂಪನಿಗಳು ಬಂದ ಮೇಲೆ ಹೊಲದ ಬದುಗಳಿಗೂ ಜೀವ ಬಂದಿತ್ತು. ಮೊದಲು ಯಾರ ಹಸು ಯಾರ ಬದುವಿನಲ್ಲಿ ಮೇಯ್ದರೂ ಕೇಳುವವರಿಲ್ಲ. ಈಗ ರಸ್ತೆ ಇತ್ತ ಕಡೆ ಬರುತ್ತದಂತೆ, ಅತ್ತ ಕಡೆ ಬರುತ್ತದಂತೆ ಎಂಬ ಸುದ್ದಿ ಹಬ್ಬಿ, ಗೇಣು ಮಣ್ಣಿಗೂ ಜನ ಎಚ್ಚರವಾಗಿದ್ದರು. ಒಂದು ಭಾನುವಾರ ಬೆಳಗ್ಗೆ ಅಪ್ಪ ಡೇರಿಗೆ ಹೋಗಿದ್ದ. ಚಿಕ್ಕಪ್ಪ ಎಳನೀರು ಕೊಚ್ಚುವ ಮಚ್ಚು ಹಿಡಿದು ಬದುವಿನ ಮುಳ್ಳು ಸವರುತ್ತಿದ್ದ. ನಾನೂ ಪದ್ಮಳೂ ಬದುವಿನ ತುದಿಯಲ್ಲಿ ನೇರಳೆಹಣ್ಣು ಕಿತ್ತು ತಿನ್ನುತ್ತಿದ್ದೆವು. ತಿಮ್ಮೇಗೌಡರು ಬಂದು, ಬದು ಒಸಿ ನಮ್ಮ ಕಡೆ ಸರಿದಂಗೈತಲ್ಲಪ್ಪ ರಾಜು, ಎಂದರು. ನಗುತ್ತಲೇ ಅಂದರು. ಚಿಕ್ಕಪ್ಪನ ಮುಖ ಸಪ್ಪಗಾದದ್ದನ್ನು ನಾನು ಕಂಡೆ. ಆಮೇಲೆ ತಿಮ್ಮೇಗೌಡರು ತಮ್ಮ ಕೈಯನ್ನು ತಾವೇ ಹಿಡಿದುಕೊಂಡು ನೆಲಕ್ಕೆ ಕೂತದ್ದನ್ನು ಕಂಡೆ. ನಡುವೆ ಏನಾಯಿತೆಂದು ನನಗೆ ಕಾಣಲೇ ಇಲ್ಲ. ಪದ್ಮ ಕಿರುಚಿದಳು. ಡೇರಿಯಿಂದ ಮರಳುತ್ತಿದ್ದ ಅಪ್ಪ ಓಡಿಬಂದು ತನ್ನ ಪಂಚೆ ಹರಿದು ಅವರ ಕೈಗೆ ಬಿಗಿಯಾಗಿ ಸುತ್ತಿದ. ಅವನ ತೋಳಿಗೆ ಒರಗಿಕೊಂಡು ತಿಮ್ಮೇಗೌಡರು ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ.

"ಎತ್ತಿದ್ದೇ ಕಾಣ್ಲಿಲ್ಲ ಕಣ್ಲಾ ಕೆಂಪ. ಮಾತಾಡ್ತಾ ಮಾತಾಡ್ತಾ ಕಡುದ್ಬುಟ್ಟ."

ಆಸ್ಪತ್ರೆಯಲ್ಲಿ ಸೊಪ್ಪು ಕೊಯ್ಯುವಾಗ ಕುಡುಗೋಲು ತಾಗಿತು ಎಂದು ಬರೆಸಿದರು. ಊರಿನದು ಊರಲ್ಲೇ ತೀರಲಿ, ಪೊಲೀಸು ಸ್ಟೇಷನ್ನು ಬೇಡ ಎಂದು ಯಜಮಾನರು ಪಂಚಾಯ್ತಿ ಕರೆದರು. ನಮ್ಮೂರ ಪಂಚಾಯ್ತಿಗೆ ಒಂದು ಕಟ್ಟಳೆಯಿದೆ. ಮಾರಮ್ಮನ ಗುಡಿಯ ಮುಂದೆ ಹಿತ್ತಾಳೆ ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಕಾಣಿಕೆ ಇಟ್ಟು ಕರ್ಪೂರ ಹಚ್ಚುತ್ತಾರೆ. ತಪ್ಪು ಯಾರದೋ ಅವರು ಆ ತಟ್ಟೆ ಎತ್ತಿ ಅಮ್ಮನ ಪಾದದ ಬಳಿ ಇಡಬೇಕು. ಎತ್ತಿದರೆ ತಪ್ಪು ಒಪ್ಪಿದಂತೆ, ಅಲ್ಲಿಗೆ ಜಗಳ ತೀರಿದಂತೆ. ಮತ್ತೆ ಅದರ ಮಾತು ಯಾರೂ ಎತ್ತುವಂತಿಲ್ಲ. ಇದಕ್ಕೆ ತಪ್ಪುಕಾಣಿಕೆ ಎಂದು ಹೆಸರು. ಪಂಚಾಯ್ತಿಗೆ ಹೋಗುವ ಮುಂಚೆ ಅಜ್ಜಿ ಅಪ್ಪನನ್ನು ಅಡುಗೆಮನೆಗೆ ಕರೆದಳು. ಅವ್ವ ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದಳು, ನಾನು ಅವಳ ಬೆನ್ನಿಗಂಟಿ ಕೂತಿದ್ದೆ.

"ಕೆಂಪ, ತಟ್ಟೆ ನೀನು ಎತ್ಕಬುಡು ಮಗ."

"ನಾನಾ? ನಾನು ಅಲ್ಲಿರ್ಲೇ ಇಲ್ವಲ್ಲವ್ವ."

"ಪಿಚ್ಚರ್ ನೋಡಿ ಹಿಂಗಾಯ್ತು ಅಂತ ಊರೇ ಮಾತಾಡ್ತೈತೆ. ಮನೇಲಿ ಮಚ್ಚು ಬೀಸೋದು ಕಲ್ಸಿದ್ದು ನಾನೇ ಅಂತ ಒಂದ್ ಮಾತು ಅಂದುಬುಡು. ಅವ್ನು ಎತ್ತುದ್ರೆ ಕಂಪ್ನೀಗೆ ಸುದ್ದಿ ಹೋಯ್ತದೆ, ಕೆಲ್ಸ ಹೋಯ್ತದೆ. ನಿನ್ ಹೆಸ್ರು ಹೆಂಗೂ ಪಿಚ್ಚರ್ನಾಗೆ ಕೆಟ್ಟೈತೆ. ಇನ್ನೊಂದಿಷ್ಟು ಕೆಟ್ರೆ ಏನಾಯ್ತದೆ?"

ಅವ್ವ ಮುದ್ದೆಕೋಲು ಕೆಳಗಿಟ್ಟಳು.

"ಪಿಚ್ಚರ್ರು ಇಡೀ ಊರೇ ನೋಡ್ತಲ್ಲತ್ತೆ. ಊರೇ ಕಡೀತಾ? ನೋಡ್ದೆ ಇದ್ದೋನು ಒಬ್ನೇ, ಕಡ್ದಿದ್ದೂ ಅವ್ನೇ."

"ನೀನು ಸುಮ್ಕಿರು. ಅಣ್ಣತಮ್ಮದ್ರ ಮಾತಿದು."

ಅಪ್ಪ ಅಜ್ಜಿಯ ಮುಖ ನೋಡಲಿಲ್ಲ, ಅವ್ವನ ಮುಖವನ್ನೂ ನೋಡಲಿಲ್ಲ. ಒಲೆಯ ಉರಿ ನೋಡುತ್ತಾ ಕೂತಿದ್ದು, ಎದ್ದು ಹೋಗಿ ಮುಖ ತೊಳೆದುಕೊಂಡ. ಗುಡಿಯ ಮುಂದೆ ಯಜಮಾನರು ಕೇಳಿದಾಗ ಚಿಕ್ಕಪ್ಪ, ನನಗೇ ಗೊತ್ತಾಗದಂತೆ ಆಗಿಹೋಯಿತು, ಮನೆಯಲ್ಲಿ ಅದನ್ನೇ ನೋಡಿನೋಡಿ, ಎಂದು ಅರ್ಧಕ್ಕೆ ನಿಲ್ಲಿಸಿದ. ಉಳಿದರ್ಧವನ್ನು ಕೂತವರೇ ತುಂಬಿಕೊಂಡರು. ಈಗಿನ ಸಿನಿಮಾಗಳೇ ಹೀಗೆ ಎಂದರು, ಹುಡುಗರು ಕೆಡದೆ ಏನಾಗುತ್ತಾರೆ ಎಂದರು. ಟ್ರ್ಯಾಕ್ಟರು ಕಟ್ಟಿಕೊಂಡು ಹೋಗಿ ಶಿಳ್ಳೆ ಹಾಕಿ ಬಂದವರೇ ಅವರೆಲ್ಲ. ತಿಮ್ಮೇಗೌಡರು ಕಟ್ಟು ಹಾಕಿದ ಕೈಯನ್ನು ಎದೆಗೊತ್ತಿಕೊಂಡು ನೆಲ ನೋಡುತ್ತಿದ್ದರು. ಕರ್ಪೂರ ಉರಿಯುತ್ತಿತ್ತು. ಅಪ್ಪ ಎದ್ದ, ತಟ್ಟೆ ಎತ್ತಿದ. ಇನ್ನು ಮೇಲೆ ಮಚ್ಚು ಹಿಡಿದು ಕುಣಿಯಲು ಹೋಗಬಾರದು ಎಂದರು ಯಜಮಾನರು. ಹೋಗುವುದಿಲ್ಲ ಎಂದು ಅಪ್ಪ ಮಾರಮ್ಮನ ಮುಂದೆ ಹೇಳಿದ. ಎಲ್ಲರಿಗೂ ಹಗುರವಾಯಿತು, ಎಲೆ ಅಡಿಕೆ ಹಾಕಿಕೊಂಡು ಎದ್ದರು.

ಮರುದಿನದಿಂದ ಪದ್ಮ ಶಾಲೆಗೆ ನನಗಿಂತ ಮುಂಚೆ ಹೊರಟುಬಿಡುತ್ತಿದ್ದಳು. ಒಂದು ದಿನ ಓಡಿಹೋಗಿ ಹಿಡಿದು ನಿಲ್ಲಿಸಿದೆ.

"ಯಾಕೆ ನನ್ ಕೂಡೆ ಬರಕ್ಕಿಲ್ಲ?"

"ನಮ್ಮವ್ವ ಬ್ಯಾಡ ಅಂದೈತೆ. ನಿಮ್ಮಪ್ಪನ್ ದೆಸೆಯಿಂದ ನಮ್ಮಪ್ಪನ್ ಕೈ ಹೋಯ್ತು."

"ಕಡ್ದಿದ್ದು ನಮ್ಮಪ್ಪ ಅಲ್ಲ ಕಣೇ. ನೀನೂ ಅಲ್ಲೇ ಇದ್ದಲ್ಲ."

"ಮತ್ಯಾಕೆ ತಟ್ಟೆ ಎತ್ತುದ್ದು?"

ಮನೆಗೆ ಬಂದು ಅಪ್ಪನನ್ನು ಅದನ್ನೇ ಕೇಳಿದರೆ ಅವನು ಕುಡುಗೋಲು ತೆಗೆದುಕೊಂಡು ಸೊಪ್ಪು ಕೊಯ್ಯಲು ಹೊರಟ. ಊರಿನ ನೆನಪು ವಿಚಿತ್ರವಾದದ್ದು, ಅದು ಕಂಡದ್ದನ್ನು ಮರೆತು ಕಟ್ಟಳೆಯನ್ನು ಮಾತ್ರ ಇಟ್ಟುಕೊಳ್ಳುತ್ತದೆ. ವರ್ಷ ಕಳೆದಂತೆ ಅದು ಕೆಂಪಣ್ಣನ ಗಲಾಟೆಯಾಯಿತು. ಊರಿಗೆ ಹೊಸದಾಗಿ ಬಂದ ಸೊಸೆಯರು ತಿಮ್ಮೇಗೌಡರ ಮುದುರಿಕೊಂಡ ಬೆರಳುಗಳನ್ನು ನೋಡಿ, ಆಮೇಲೆ ನಮ್ಮ ಮನೆಯ ಕಡೆ ನೋಡುತ್ತಿದ್ದರು. ನಾನು ಬೀದಿಯಲ್ಲಿ ಕಂಡರೆ ತಾಯಂದಿರು ಮಕ್ಕಳನ್ನು ಒಳಕ್ಕೆ ಕರೆದುಕೊಳ್ಳುತ್ತಿದ್ದರು. ಹುಳು ಮನೆಯಲ್ಲಿದ್ದಾಗ ಯಾರೂ ಬರಬಾರದೆಂಬ ನೇಮವಿತ್ತಲ್ಲ, ಹುಳು ಇಲ್ಲದಾಗಲೂ ಯಾರೂ ಬರಲಿಲ್ಲ. ನನಗೆ ಬಹಳ ಬೇಸರವಾಗುತ್ತಿತ್ತು. ಹಸುಗಳ ಜೊತೆ, ಕೋಳಿಗಳ ಜೊತೆ, ಕೊನೆಗೆ ಗೋಡೆಯ ಜೊತೆ ಮಾತಾಡುತ್ತಿದ್ದೆ. ಸಿನಿಮಾದವರ ವ್ಯಾನು ಬೀದಿಯ ತುದಿಗೆ ಬಂದು ಹಾರ್ನ್ ಮಾಡಿದರೆ ಅಪ್ಪ ನಡುಮನೆಯ ಕತ್ತಲೆಗೆ ಹೋಗಿ ನಿಲ್ಲುತ್ತಿದ್ದ. ಇಲ್ಲ ಅಂದುಬುಡು ಮಗ, ಅನ್ನುತ್ತಿದ್ದ. ನಾನು ಹೊರಗೆ ಬಂದು ಅಪ್ಪ ಇಲ್ಲ ಅನ್ನುತ್ತಿದ್ದೆ. ಬರಬರುತ್ತಾ ವ್ಯಾನೂ ಬರುವುದು ನಿಂತಿತು. ಹಿತ್ತಲಿನ ಕಡ್ಡಿಗುಡ್ಡೆ ಒಲೆಗೆ ಹೋಯಿತು. ಇನ್ನೂ ಸಂಕಟದ ವಿಷಯವೆಂದರೆ ಅಪ್ಪನೂ ಆ ಮಾತನ್ನು ನಂಬತೊಡಗಿದ್ದ. ಉಣ್ಣುತ್ತಾ ಉಣ್ಣುತ್ತಾ ತಟ್ಟನೆ, ನಾನು ಮನೇಲಿ ಆ ಆಟ ಆಡ್ಬಾರ್ದಿತ್ತೇನೋ ಕಣೇ, ಎಂದುಬಿಡುತ್ತಿದ್ದ. ಅವ್ವ ಇನ್ನೊಂದು ತುತ್ತು ಮುದ್ದೆ ಹಾಕುತ್ತಿದ್ದಳು.

ಚಿಕ್ಕಪ್ಪನ ಕೆಲಸ ಕಾಯಮಾಯಿತು. ನಡುಮನೆಯ ಪಕ್ಕಕ್ಕೆ ಒಂದು ಗೋಡೆ ಎದ್ದು ಅವನ ಸಂಸಾರ ಬೇರೆಯಾಯಿತು. ಅಜ್ಜಿ ಅವನ ಜೊತೆ ಹೋದಳು. ಗೋಡೆಯಾಚೆ ಕಲರ್ ಟಿವಿ ಬಂತು, ಬೈಕು ಬಂತು, ನಲ್ಲಿ ಬಂತು. ಚಿಕ್ಕವ್ವ ಮಾತ್ರ ಸಣ್ಣಗಾಗುತ್ತಾ ಹೋದಳು. ಸಂಜೆ ಕಂಪನಿ ಬಸ್ಸು ಬಂದು ಸ್ವಲ್ಪ ಹೊತ್ತಿಗೆ ಆ ಕಡೆಯಿಂದ ಸದ್ದುಗಳು ಬರುತ್ತಿದ್ದವು. ಪಾತ್ರೆ ಬಿದ್ದಂತೆ, ಬಾಗಿಲು ಬಡಿದಂತೆ, ಮೂಟೆ ಗೋಡೆಗೆ ಒರಗಿದಂತೆ. ಅವ್ವ ಕೇಳಿದರೆ ಅಜ್ಜಿಯ ಉತ್ತರ ಸಿದ್ಧವಿರುತ್ತಿತ್ತು.

"ಟೀವೀಲಿ ಫೈಟಿಂಗು ಕಣವ್ವ. ಸೌಂಡ್ ಒಸಿ ಜಾಸ್ತಿ ಇಕ್ಕಿದ್ದೊ."

ನಾನು ಗೋಡೆಗೆ ಕಿವಿ ಕೊಟ್ಟು ಬೆಳೆದವಳು. ಟಿವಿಯಲ್ಲಿ ಹೊಡೆದಾಟವಾದರೆ ಹಿಂದೆ ಸಂಗೀತ ಇರುತ್ತದೆ. ಹೊಡೆಯುವವನು ಕೂಗುತ್ತಾನೆ, ಹೊಡೆಸಿಕೊಳ್ಳುವವನೂ ಕೂಗುತ್ತಾನೆ. ಗೋಡೆಯಾಚೆ ಸಂಗೀತವಿರಲಿಲ್ಲ, ಯಾರೂ ಕೂಗುತ್ತಲೂ ಇರಲಿಲ್ಲ. ಅಪ್ಪನೂ ಕೇಳಿಸಿಕೊಳ್ಳುತ್ತಿದ್ದ. ಸದ್ದು ಬಂದಾಗಲೆಲ್ಲ ಅವನ ಕೈಯ ತುತ್ತು ನಿಲ್ಲುತ್ತಿತ್ತು. ಎರಡು ಸಲ ಎದ್ದು ಹೋಗಿ ಬಾಗಿಲು ತಟ್ಟಿದ. ಚಿಕ್ಕಪ್ಪ ಅರ್ಧ ಬಾಗಿಲು ತೆರೆದು, ತಣ್ಣಗೆ, ನೀನು ಹೇಳಕೆ ಬತ್ತೀಯಾ ಅಣ್ಣ, ತಟ್ಟೆ ಎತ್ತಿದೋನು, ಎಂದ. ಅಪ್ಪ ವಾಪಸು ಬಂದು ಜಗಲಿಯಲ್ಲಿ ಕೂತ. ಅವನನ್ನು ಅಷ್ಟು ಒಂಟಿಯಾಗಿ ನಾನು ಬೇರೆ ಯಾವತ್ತೂ ಕಂಡಿಲ್ಲ. ಆ ದಿನ ಅವನ ಮೇಲೆ ನನಗೆ ಕನಿಕರಕ್ಕಿಂತ ಸಿಟ್ಟೇ ಹೆಚ್ಚು ಬಂತು.

ನಾನು ಹೈಸ್ಕೂಲಿಗೆ ಹೋಗುತ್ತಿದ್ದಾಗಿನ ಮಾತು. ಹುಳು ಹಣ್ಣಾಗಿದ್ದವು. ಮೈಯೆಲ್ಲ ಹೊಂಬಣ್ಣಕ್ಕೆ ತಿರುಗಿ ಗೂಡು ಕಟ್ಟಲು ತಲೆ ಆಡಿಸುವ ಹುಳುಗಳನ್ನು ಆರಿಸಿ ಚಂದ್ರಿಕೆಗೆ ಬಿಡುವ ದಿನ. ಚಂದ್ರಿಕೆಯೆಂದರೆ ಗೂಡು ಕಟ್ಟಲು ಬಿದಿರಿನಲ್ಲಿ ಹೆಣೆದ ದೊಡ್ಡ ಚಾಪೆ. ಆ ದಿನ ಮನೆಯಲ್ಲಿ ಉಸಿರಾಡಲೂ ಪುರಸೊತ್ತಿರುವುದಿಲ್ಲ. ಬೆಳಗ್ಗೆಯೇ ಚಿಕ್ಕವ್ವ ಬಂದು ಹೊಸ್ತಿಲ ಹೊರಗೆ ನಿಂತಳು. ಅಂಥ ಹೊತ್ತಿನಲ್ಲೂ ನೇಮ ಮರೆಯದೆ, ಒಳಗೆ ಕಾಲಿಡಲಿಲ್ಲ. ಒಂದು ಕಣ್ಣು ಪೂರಾ ಮುಚ್ಚಿಕೊಂಡಿತ್ತು. ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡಿದ್ದಳು, ಅಂದು ಬದುವಿನಲ್ಲಿ ತಿಮ್ಮೇಗೌಡರು ಹಿಡಿದುಕೊಂಡಿದ್ದ ಹಾಗೆಯೇ. ಅವ್ವ ಕೈಯಲ್ಲಿದ್ದ ಹುಳುಗಳನ್ನು ಹಾಗೇ ಬಿಟ್ಟು ಓಡಿದಳು. ಚಿಕ್ಕವ್ವ ಅವಳನ್ನು ನೋಡಲಿಲ್ಲ. ಎಂದೂ ಅಪ್ಪನ ಎದುರು ತಲೆಯೆತ್ತಿ ಮಾತಾಡದಿದ್ದವಳು, ಅವನನ್ನೇ ನೋಡಿ ಹೇಳಿದಳು.

"ಬಾವ, ನಮ್ಮಪ್ಪುಂಗೆ ಹೇಳಿ ಕಳ್ಸಿವ್ನಿ. ಇವತ್ತು ಪಂಚಾಯ್ತಿ ಆಯ್ತದೆ. ಈ ಸಲ ನೀವು ಎತ್ಕಬ್ಯಾಡಿ."

ಅಪ್ಪ ಕೈಯಲ್ಲಿದ್ದ ಚಂದ್ರಿಕೆ ಕೆಳಗಿಟ್ಟು ಹೊಸ್ತಿಲಿಗೆ ಬಂದ.

"ಅವತ್ತು ನೀವು ಎತ್ತುದ್ರಿ. ಅವ್ರಿಗೆ ಅದು ತಮ್ದು ಅಂತ ಗೊತ್ತೇ ಆಗ್ಲಿಲ್ಲ. ನಂಗೆ ಗೊತ್ತಾಗ್ತಾನೇ ಐತೆ."

ಆ ಸಂಜೆ ಗುಡಿಯ ಮುಂದೆ ಮೊದಲಿನ ಹಾಗೇ ಹಿತ್ತಾಳೆ ತಟ್ಟೆ, ಎಲೆ, ಅಡಿಕೆ, ಕರ್ಪೂರ. ಮರಳವಾಡಿಯಿಂದ ಬಂದ ಚಿಕ್ಕವ್ವನ ಅಪ್ಪ ಟವೆಲ್ಲಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ಕೂತಿದ್ದರು. ಮಗಳು ಅವರ ಹಿಂದೆ. ಯಜಮಾನರು ಚಿಕ್ಕಪ್ಪನನ್ನು ಕೇಳಿದರು. ಅವನು ವಿಭೂತಿ ಇಟ್ಟುಕೊಂಡೇ ಬಂದಿದ್ದ. ಕಂಪನಿಯಲ್ಲಿ ಟೆನ್ಷನ್ನು ಎಂದ. ಟಿವಿ ಹಾಕಿದರೆ ಅದೇ ಹೊಡೆದಾಟ, ತಲೆ ಕೆಡುತ್ತದೆ ಎಂದ. ಆಮೇಲೆ, ಚಿಕ್ಕಂದಿನಿಂದ ಮನೆಯಲ್ಲಿ ಅದನ್ನೇ ನೋಡಿಕೊಂಡು, ಎಂದು ಹಳೆಯ ಮಾತನ್ನು ಹಳೆಯ ಜಾಗದಲ್ಲೇ ನಿಲ್ಲಿಸಿದ. ಅವನ ಚಿಕ್ಕಂದಿನಲ್ಲಿ ಅಪ್ಪ ಇನ್ನೂ ಒಂದು ಸಿನಿಮಾದಲ್ಲೂ ಬಿದ್ದಿರಲಿಲ್ಲ. ಆದರೂ ಕೂತವರ ಮುಖಗಳು ಒಂದೊಂದಾಗಿ ಅಪ್ಪನ ಕಡೆ ತಿರುಗಿದವು. ಅಜ್ಜಿಯೂ ತಿರುಗಿದಳು. ಅಪ್ಪ ಏಳುತ್ತಾನೆಂದೇ ನನಗನ್ನಿಸಿತು, ಎದ್ದರೆ ಆ ಮನೆಯಲ್ಲಿ ನಾನು ಇರುವುದಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಅವನು ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತಿದ್ದ.

"ಕೆಂಪಣ್ಣ, ಏನಂತೀಯಪ್ಪ?"

"ನಂದಲ್ಲ ಯಜಮಾನ್ರೇ ಆ ತಟ್ಟೆ. ಅವತ್ತಿಂದೂ ನಂದಲ್ಲ. ನಾನು ಬೀಳೋದು ಕಲ್ತಿದ್ದೆ, ಅದ್ಕೇ ಬಿದ್ದೆ. ಇನ್ನು ಬೀಳಕ್ಕಿಲ್ಲ."

ಕರ್ಪೂರ ಉರಿದು ಆರಿತು. ಯಜಮಾನರು ಇನ್ನೊಂದು ತುಂಡು ಹಚ್ಚಿದರು, ಅದೂ ಆರುತ್ತಾ ಬಂತು. ಚಿಕ್ಕಪ್ಪ ಅಲುಗಲಿಲ್ಲ. ಆಗ ಹಿಂದಿನ ಸಾಲಿನಿಂದ ತಿಮ್ಮೇಗೌಡರು ಎದ್ದರು. ಅವರು ಪಂಚಾಯ್ತಿಯಲ್ಲಿ ಬಾಯಿ ತೆರೆದು ವರ್ಷಗಳೇ ಆಗಿದ್ದವು. ನಿಧಾನವಾಗಿ ಮುಂದೆ ಬಂದು, ಬೆರಳು ಮುದುರಿಕೊಂಡ ಕೈಯನ್ನು ಚಿಕ್ಕಪ್ಪನ ಮುಖದ ಮುಂದೆ ಹಿಡಿದರು.

"ಇದೂ ನಿಂದೇ ಕಣ್ಲಾ ರಾಜು. ಇದ್ನೂ ಸೇರ್ಸಿ ಎತ್ಕೋ."

ಚಿಕ್ಕಪ್ಪ ಅಜ್ಜಿಯ ಕಡೆ ನೋಡಿದ. ಅಜ್ಜಿ ಸೆರಗು ಬಾಯಿಗಿಟ್ಟುಕೊಂಡು, ಥಿಯೇಟರಿನಲ್ಲಿ ಅತ್ತ ಹಾಗೇ ಅಳುತ್ತಿದ್ದಳು. ಈ ಸಲ ಅವಳು ಯಾರನ್ನೂ ಏನೂ ಕೇಳಲಿಲ್ಲ. ಅವನು ಎದ್ದು ತಟ್ಟೆ ಎತ್ತಿದ. ಎತ್ತುವಾಗ ಅಡಿಕೆ ಉರುಳಿ ಕೆಳಗೆ ಬಿತ್ತು. ಅದರಿಂದ ಅವನು ಒಳ್ಳೆಯವನಾದನೇ ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಚಿಕ್ಕವ್ವ ಅದನ್ನು ನೋಡಲು ಕಾಯಲೂ ಇಲ್ಲ. ತಟ್ಟೆ ಅಮ್ಮನ ಪಾದ ಸೇರುತ್ತಿದ್ದಂತೆ ತನ್ನಪ್ಪನ ಜೊತೆ ಎದ್ದು ಮರಳವಾಡಿಗೆ ಹೋದಳು. ಹಾರೋಹಳ್ಳಿಯ ಕಂಪನಿಯೊಂದಕ್ಕೆ ಸೇರಿ, ತನ್ನ ಬಸ್ಸು ತಾನು ಹತ್ತಿ, ಅಲ್ಲೇ ಉಳಿದಳು. ಪದ್ಮ ಆ ಸಂಜೆ ಗುಡಿಯ ಕಂಬಕ್ಕೆ ಒರಗಿ ನನ್ನನ್ನೇ ನೋಡುತ್ತಿದ್ದಳು. ಹತ್ತಿರ ಬರಲಿಲ್ಲ. ಅಷ್ಟು ವರ್ಷ ಕಳೆದ ಮೇಲೆ ಹತ್ತಿರ ಬರುವುದು ಹೇಗೆಂದು ನಮ್ಮಿಬ್ಬರಿಗೂ ತಿಳಿಯಲಿಲ್ಲ, ಆಮೇಲೂ ತಿಳಿಯಲಿಲ್ಲ.

ನಾವು ಮೂವರೂ ಮನೆಗೆ ಬಂದೆವು. ಹುಳುಗಳು ಚಂದ್ರಿಕೆಯಲ್ಲಿ ಗೂಡು ಕಟ್ಟಲು ತೊಡಗಿದ್ದವು, ನಡುಮನೆ ನಿಶ್ಶಬ್ದವಾಗಿತ್ತು. ಅವ್ವ ಒಲೆ ಹಚ್ಚಲು ಕೂತಳು. ಅಪ್ಪ ಕೈಕಾಲು ತೊಳೆಯಲು ಹಿತ್ತಲಿಗೆ ಹೋದವನು ಬರಲೇ ಇಲ್ಲ. ನಾನು ಹೋಗಿ ನೋಡಿದೆ. ಆ ಬೆಳೆಯ ಕಡ್ಡಿಯನ್ನೆಲ್ಲ ಗೊಬ್ಬರದ ಗುಂಡಿಯ ಪಕ್ಕ ಗುಡ್ಡೆ ಹಾಕಿದ್ದೆವು. ಅಪ್ಪ ಅದರ ಮುಂದೆ ಬೆನ್ನು ಮಾಡಿ ನಿಂತಿದ್ದ. ಮೀಸೆಯಲ್ಲಿ ಬಿಳಿ ಬಂದಿತ್ತು, ಹೊಟ್ಟೆ ಸ್ವಲ್ಪ ಮುಂದಕ್ಕೆ ಬಂದಿತ್ತು. ಬರಿಗೈಯನ್ನು ತಲೆಯ ಮೇಲಕ್ಕೆತ್ತಿ ಒಂದು ಗಳಿಗೆ ನಿಂತ. ಆಮೇಲೆ ಯಾರೋ ಎದೆಗೆ ಒದ್ದಂತೆ ಹಿಂದಕ್ಕೆ ಹಾರಿ ಧೊಪ್ಪೆಂದು ಬಿದ್ದ. ಸದ್ದು ಕೇಳಿ ಅವ್ವ ಊದುಗೊಳವೆ ಹಿಡಿದೇ ಓಡಿಬಂದಳು. ಅಪ್ಪ ಕಡ್ಡಿಗಳ ಮೇಲೆ ಅಂಗಾತ ಮಲಗಿ ಆಕಾಶ ನೋಡುತ್ತಿದ್ದ. ಅಳುತ್ತಿದ್ದಾನೋ ನಗುತ್ತಿದ್ದಾನೋ ಕತ್ತಲಾಗುತ್ತಿದ್ದುದರಿಂದ ಸರಿಯಾಗಿ ಕಾಣಲಿಲ್ಲ. ನಾನು ಎರಡು ಬೆರಳು ಬಾಯಿಗಿಟ್ಟು ಬೀದಿಗೆಲ್ಲ ಕೇಳಿಸುವಂತೆ ಶಿಳ್ಳೆ ಹಾಕಿದೆ. ಅವ್ವ ಪಕ್ಕದಲ್ಲೇ ನಿಂತಿದ್ದಳು, ಚಿವುಟಲಿಲ್ಲ.